ಹಸಿ ಕಸ ಬೀದಿ ದಾಟದಿರಲಿ

ಸಮಿತಿಗೆ ಹೊಸದಾಗಿ ಬಂದಿರುವ ಮಕ್ಕಳೇ,

ಪಾರ್ಕಿನ ಹಿಂದಿನ ಮೂಲೆಯಲ್ಲಿ ಗೊಬ್ಬರ ಮಾಡಬೇಕು, ಬೀದಿಯ ಕಸ ಕಮ್ಮಿ ಮಾಡಬೇಕು ಅಂತ ಹೊರಟಿದ್ದೀರಿ. ಒಂದು ಪಟ್ಟಿ ಬರೆದುಕೊಡಿ ಅಂದಿರಿ, ಬರೆದಿದ್ದೇನೆ. ನೆನಪಾದ ಹಾಗೆ ಬರೆದಿದ್ದು, ಕ್ರಮ ಹುಡುಕಬೇಡಿ. ಗೊಬ್ಬರದ ಯಂತ್ರ ಮಾರುವವರು ಕೊಟ್ಟುಹೋದ ಬಣ್ಣದ ಪುಸ್ತಿಕೆಯನ್ನೂ ನೋಡಿದೆ. ಅದರಲ್ಲಿ ಇಲ್ಲದ್ದನ್ನೇ ಹೆಚ್ಚಾಗಿ ಹೇಳುತ್ತೇನೆ.

• ಮೊದಲ ವರ್ಷ ಒಂದೇ ಗುರಿ ಇಟ್ಟುಕೊಳ್ಳಿ: ಹಸಿ ಕಸ ನಮ್ಮ ಬೀದಿ ದಾಟಬಾರದು. ಹಳೇ ಬಟ್ಟೆ, ಕೆಟ್ಟ ಮೊಬೈಲು, ಹಾಲಿನ ಕವರು ಎಲ್ಲವನ್ನೂ ಒಟ್ಟಿಗೆ ತಲೆಗೆ ಹಚ್ಚಿಕೊಂಡರೆ ಯಾವುದೂ ಆಗುವುದಿಲ್ಲ. ಮನೆಯ ಕಸದಲ್ಲಿ ತೂಕದ ಲೆಕ್ಕಕ್ಕೆ ಅರ್ಧಕ್ಕಿಂತ ಹೆಚ್ಚು ಹಸಿಯದೇ. ಅದು ಬೇರೆಯಾಯಿತೆಂದರೆ ಉಳಿದದ್ದು ಒಣಗಿ ಶುದ್ಧವಾಗಿರುತ್ತದೆ, ನಾಲ್ಕು ಕಾಸಿಗೂ ಹೋಗುತ್ತದೆ. ಕಲೆತರೆ ಎರಡೂ ಕೆಟ್ಟವು. ಸಾರು ಮೆತ್ತಿದ ಕಾಗದವನ್ನು ಗುಜರಿಯವನು ಮುಟ್ಟುವುದಿಲ್ಲ, ಬ್ಲೇಡಿನ ಚೂರು ಸೇರಿದ ಸಿಪ್ಪೆಗೆ ಯಾರೂ ಕೈ ಹಾಕುವುದಿಲ್ಲ.

• "ತೆರಿಗೆ ಕಟ್ಟುತ್ತೇವಲ್ಲ, ಪಾಲಿಕೆಯವರು ಎತ್ತಿಕೊಂಡು ಹೋಗಲಿ" ಅಂತ ಮೊದಲ ಸಭೆಯಲ್ಲೇ ಯಾರಾದರೂ ಹೇಳುತ್ತಾರೆ. ಅವರ ಜೊತೆ ವಾದ ಬೇಡ. ಎತ್ತಿಕೊಂಡು ಹೋದದ್ದು ಎಲ್ಲಿಗೆ ಹೋಯಿತು ಅನ್ನುವುದನ್ನು ಹೇಳಿ. ಮಾವಳ್ಳಿಪುರಕ್ಕೆ ಹೋಯಿತು, ಅಲ್ಲಿಯ ಜನ ತಡೆದರು, 2012ರಲ್ಲಿ ಅಲ್ಲಿನ ಕಸ ಸುರಿಯುವ ಜಾಗ ಮುಚ್ಚಿ ಬೆಂಗಳೂರಿನ ಬೀದಿಬೀದಿಯಲ್ಲಿ ಕಸದ ಗುಡ್ಡೆ ಎದ್ದಿತು. ಆಮೇಲೆ ಮಂಡೂರು, ಅವರೂ ಹೋರಾಡಿ 2014ರ ಕೊನೆಗೆ ಲಾರಿ ನಿಲ್ಲಿಸಿದರು. ಆಮೇಲೆ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕಲ್ಲುಕ್ವಾರಿಗಳು. ನಾವು ಕಟ್ಟಿದ ತೆರಿಗೆ ಇನ್ನೊಂದು ಊರಿನ ಬಾವಿಯ ಪಕ್ಕದಲ್ಲಿ ನಮ್ಮ ಹುಳಿ ಸುರಿಯುವುದಕ್ಕಲ್ಲ. ಎರಡು ಡಬ್ಬ, ಒಂದು ಚೀಲ ಎಂಬ ಪದ್ಧತಿಯನ್ನು ಹೈಕೋರ್ಟು 2015ರ ಡಿಸೆಂಬರಿನಲ್ಲಿ ಕಡ್ಡಾಯ ಮಾಡಿದ್ದೂ ಈ ಗೋಳಿನ ಬೆನ್ನಿಗೇ. ಹಸಿ ಕಸಕ್ಕೆ ಹಸಿರು ಡಬ್ಬ, ಯಾವುದಕ್ಕೂ ಬಾರದ್ದಕ್ಕೆ ಕೆಂಪು ಡಬ್ಬ, ಒಣದಕ್ಕೆ ಚೀಲ. ಇಷ್ಟು ಗೊತ್ತಿದ್ದರೆ ಸಾಕು.

• ಹಸಿರು ಡಬ್ಬಕ್ಕೆ ಪ್ಲಾಸ್ಟಿಕ್ ಕವರು ಹಾಕಬಾರದು. ತಳಕ್ಕೆ ಹಳೇ ಪೇಪರು ಹಾಸಿದರೆ ಸಾಕು. "ಇದು ಮಣ್ಣಲ್ಲಿ ಕರಗುವ ಚೀಲ" ಅಂತ ಬರೆದ ಹಸಿರು ಕವರುಗಳನ್ನೂ ನಂಬಬೇಡಿ. ಅವು ಕರಗಲು ದೊಡ್ಡ ಘಟಕದ ಕಾವು ಬೇಕು, ನಮ್ಮ ಗೊಬ್ಬರದ ಗುಡ್ಡೆಯಲ್ಲಿ ತಿಂಗಳುಗಟ್ಟಲೆ ಹಾಗೇ ಕೂತಿರುತ್ತವೆ.

• ಕೆಂಪು ಡಬ್ಬದ ವಿಷಯ ಹೇಳಲು ಎಲ್ಲರಿಗೂ ಸಂಕೋಚ, ಹಾಗಾಗಿ ನಾನೇ ಹೇಳುತ್ತೇನೆ. ಪ್ಯಾಡು, ಮಗುವಿನ ಡೈಪರು, ಗಾಯದ ಬಟ್ಟೆಯನ್ನು ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಇಂಕಿನಲ್ಲಿ ಗುಂಡನೆ ಗುರುತು ಮಾಡಿ. ಬ್ಲೇಡು, ಸೂಜಿ, ಒಡೆದ ಗಾಜಿಗೆ ಬೇರೆ ಗಟ್ಟಿ ಡಬ್ಬಿ. ಕಸ ಬಿಚ್ಚುವ ಪೌರಕಾರ್ಮಿಕರಲ್ಲಿ ಬಹಳ ಮಂದಿ ಹೆಂಗಸರು. ಒಳಗೇನಿದೆ ಅಂತ ಕೈ ಹಾಕಿಯೇ ತಿಳಿದುಕೊಳ್ಳುವ ಹಾಗೆ ಮಾಡಬೇಡಿ.

• ಗೊಬ್ಬರದ ಗುಂಡಿಗಿಂತ ಮೊದಲು ಅಡುಗೆಮನೆ ನೋಡಿ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ನಮ್ಮ ದೇಶದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ ಆಹಾರ ಕಸವಾಗುತ್ತದೆ ಅನ್ನುತ್ತದೆ. ಸಿಪ್ಪೆ, ಮೂಳೆ ಎಲ್ಲ ಸೇರಿದ ಲೆಕ್ಕ ಅದು, ಆದರೂ ನಾಲ್ಕು ಜನರ ಮನೆಗೆ ಎರಡು ಕ್ವಿಂಟಾಲು ದಾಟಿತು. ಚೆಲ್ಲುವ ಅನ್ನವನ್ನು ಗೊಬ್ಬರ ಮಾಡಿ ಬೆನ್ನು ತಟ್ಟಿಕೊಳ್ಳುವುದು ನನಗೆ ಹಿಡಿಸುವುದಿಲ್ಲ. ಆ ಅಕ್ಕಿಗೆ ಮಂಡ್ಯದ ಗದ್ದೆಯಲ್ಲಿ ಎಷ್ಟು ನೀರು ಹರಿದಿತ್ತೋ ಅದು ಗುಂಡಿಯಿಂದ ವಾಪಸ್ಸು ಬರುವುದಿಲ್ಲ. ಅಕ್ಕಿ ಅಳೆಯುವ ಪಾವು ಮನೆಯಲ್ಲಿ ಇದ್ದರೆ ಹೊರಗೆ ತೆಗೆಯಿರಿ. ಕಣ್ಣಂದಾಜಿನಲ್ಲಿ ಹಾಕುವ ಮನೆಯಲ್ಲೇ ಅನ್ನ ಮಿಗುವುದು.

• ಮಿಕ್ಕ ಅನ್ನವನ್ನು ರಾತ್ರಿಯೆಲ್ಲ ಕಟ್ಟೆಯ ಮೇಲೆ ಬಿಟ್ಟು ಬೆಳಿಗ್ಗೆ ಚಿತ್ರಾನ್ನ ಕಲಸುವ ಅಭ್ಯಾಸ ಬಿಡಿ. ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಊಟವಾದ ಕೂಡಲೇ ತಟ್ಟೆಗೆ ಹರಡಿ, ಆರಿಸಿ, ಫ್ರಿಜ್ಜಿಗೆ ಇಡಿ. ಹುಳಿ ಬಂದ ದೋಸೆ ಹಿಟ್ಟಿಗೆ ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಪಡ್ಡು ಮಾಡಿ. ಮಿಕ್ಕ ಅನ್ನವನ್ನು ಅಕ್ಕಿ ಹಿಟ್ಟಿನ ಜೊತೆ ನಾದಿದರೆ ರೊಟ್ಟಿ ಮೆತ್ತಗೆ ಬರುತ್ತದೆ. ಇದು ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಾರೆ.

• ಸಿಪ್ಪೆ ಅಂದ ಕೂಡಲೇ ಡಬ್ಬಕ್ಕೆ ಹಾಕಬೇಡಿ, ಒಂದು ಸಲ ಬಾಣಲೆ ನೆನಪಾಗಲಿ. ಹೀರೆಕಾಯಿ ಹೆರೆದ ಸಿಪ್ಪೆಯನ್ನು ಉದ್ದಿನಬೇಳೆ, ಒಣಮೆಣಸಿನಕಾಯಿ ಜೊತೆ ಹುರಿದು, ಹುಣಸೆಹಣ್ಣು, ಕಾಯಿತುರಿ ಸೇರಿಸಿ ರುಬ್ಬಿದ ಚಟ್ನಿಯ ಮುಂದೆ ಹೀರೆಕಾಯಿ ಪಲ್ಯವೇ ಸಪ್ಪೆ. ಕಲ್ಲಂಗಡಿಯ ಕೆಂಪು ತಿಂದು ಬಿಳಿಯನ್ನು ಎಸೆಯುತ್ತೇವಲ್ಲ, ಕರಾವಳಿಯವರು ಅದನ್ನು ನೆನೆಸಿದ ಅಕ್ಕಿ ಜೊತೆ ರುಬ್ಬಿ ದೋಸೆ ಹುಯ್ಯುತ್ತಾರೆ. ಬೇಸಿಗೆಗೆ ಅದಕ್ಕಿಂತ ತಂಪಾದ ತಿಂಡಿ ಇಲ್ಲ. ಕೊತ್ತಂಬರಿ ದಂಟು ಸಾರಿಗೆ, ಹೂಕೋಸಿನ ದಂಟು ಸಾಂಬಾರಿಗೆ, ಹಲಸಿನ ಬೀಜ ಹುಳಿಗೆ. ಮಲೆನಾಡಿನಲ್ಲಿ ಹಲಸಿನ ಬೀಜಕ್ಕೆ ಕೆಮ್ಮಣ್ಣು ಮೆತ್ತಿ ಒಣಗಿಸಿ ಮಳೆಗಾಲಕ್ಕೆ ಇಟ್ಟುಕೊಳ್ಳುತ್ತಿದ್ದರು, ಆಷಾಢದಲ್ಲಿ ತರಕಾರಿ ಸಿಗದಾಗ ಅದೇ ಆಧಾರ. ಆದರೆ ಒಂದು ಎಚ್ಚರಿಕೆ: ಸಿಪ್ಪೆ ತಿನ್ನಬೇಕಾದರೆ ತರಕಾರಿ ಎಲ್ಲಿಂದ ಬಂತು ಅಂತ ಗೊತ್ತಿರಲಿ. ಔಷಧಿ ಹೊಡೆದದ್ದು ಸಿಪ್ಪೆಯ ಮೇಲೇ ಹೆಚ್ಚು ಉಳಿಯುತ್ತದೆ. ನಂಬಿಕೆಯ ರೈತರಿಂದ ತಂದರೆ ಸಿಪ್ಪೆ ಬಾಣಲೆಗೆ, ಇಲ್ಲದಿದ್ದರೆ ಡಬ್ಬಕ್ಕೆ.

• ವಠಾರಗಳ ಕಾಲದಲ್ಲಿ ಬಚ್ಚಲ ಪಕ್ಕ ಕಲಗಚ್ಚಿನ ಬಕೆಟ್ಟು ಇರುತ್ತಿತ್ತು. ಅಕ್ಕಿ ತೊಳೆದ ನೀರು, ಬೇಳೆ ಕಟ್ಟು, ಸೊಪ್ಪಿನ ಕಡ್ಡಿ ಎಲ್ಲ ಅದಕ್ಕೆ. ಹಾಲು ಕೊಡುವವರು ಸಂಜೆ ಒಯ್ಯುತ್ತಿದ್ದರು. ಈಗಲೂ ನಮ್ಮ ಬಡಾವಣೆಯ ಆಚೆ ಹಸು ಕಟ್ಟಿರುವ ಮನೆಗಳಿವೆ, ಹೋಗಿ ಕೇಳಿ ಬನ್ನಿ. ಅವರು ಒಯ್ಯುವುದಾದರೆ ಅರ್ಧ ಕೆಲಸ ಮುಗಿಯಿತು. ಆದರೆ ಹಸುವಿಗೆ ರಾಶಿ ಅನ್ನ ಹಾಕಬಾರದು, ಹೊಟ್ಟೆಯಲ್ಲಿ ಹುಳಿಯಾಗಿ ಜೀವಕ್ಕೇ ಕುತ್ತು. ಹಳಸಿದ್ದು, ಬೂಸ್ಟು ಹಿಡಿದದ್ದು ಬೇಡ. ಕವರಿನಲ್ಲಿ ಗಂಟು ಕಟ್ಟಿ ರಸ್ತೆ ಬದಿಗಿಡುವುದಂತೂ ಬೇಡವೇ ಬೇಡ. ಹಸು ಕವರು ಬಿಚ್ಚಿ ತಿನ್ನುವುದಿಲ್ಲ, ಕವರನ್ನೇ ತಿನ್ನುತ್ತದೆ.

• ಡಿಸೆಂಬರು, ಜನವರಿಯಲ್ಲಿ ಅವರೆಕಾಯಿ. ಕಾಳು ಒಂದು ಬಟ್ಟಲಾದರೆ ಸಿಪ್ಪೆ ಒಂದು ಮಂಕರಿ, ಮೇಲೆ ಹಿತಕಿದ ಸಿಪ್ಪೆ ಬೇರೆ. ಇಡೀ ಬೀದಿಯವರು ಒಟ್ಟಿಗೆ ಸುರಿದರೆ ಗುಡ್ಡೆ ಕೊಳೆತು ನಾರುತ್ತದೆ. ಕಾಯಿಯ ಸಿಪ್ಪೆ ದನಕ್ಕೆ ಬಲು ಇಷ್ಟ. ಆ ಎರಡು ತಿಂಗಳಿಗೆ ಹಸುವಿನವರ ಜೊತೆ ಮೊದಲೇ ಮಾತಾಡಿಟ್ಟುಕೊಳ್ಳಿ.

• ಈಗ ಗೊಬ್ಬರ. ಗೊಬ್ಬರ ಕೆಡುವುದು ಹಸಿ ಹೆಚ್ಚಾಗಿ, ಒಣ ಕಮ್ಮಿಯಾಗಿ. ಪುಸ್ತಕದ ಲೆಕ್ಕ ಬೇಕಾದರೆ, ಸಾರಜನಕ ಒಂದು ಭಾಗಕ್ಕೆ ಇಂಗಾಲ 25ರಿಂದ 30 ಭಾಗ ಇರಬೇಕು. ಬೀದಿಯ ಲೆಕ್ಕದಲ್ಲಿ, ಒಂದು ಬಕೆಟ್ಟು ಅಡುಗೆಮನೆ ಕಸಕ್ಕೆ ಕಮ್ಮಿಯೆಂದರೂ ಒಂದು ಬಕೆಟ್ಟು ಪುಡಿಯಾದ ತರಗೆಲೆ. ಮಳೆಗಾಲದಲ್ಲಿ ಒಂದೂವರೆ. ತರಗೆಲೆ ಸಿಗದಿದ್ದರೆ ತೆಂಗಿನ ನಾರಿನ ಪುಡಿ, ಮರ ಕೊಯ್ಯುವಲ್ಲಿ ಸಿಗುವ ಹೊಟ್ಟು. ಆದರೆ ಬಣ್ಣ, ಪಾಲಿಶ್ ಬಳಿದ ಮರದ ಹೊಟ್ಟು ಬೇಡ. ಒಂದು ಪದರ ಹಸಿ, ಒಂದು ಪದರ ಒಣ, ಕೊನೆಯ ಪದರ ಯಾವಾಗಲೂ ಒಣದೇ. ಸಿಪ್ಪೆ ಮೇಲೆ ಕಾಣಬಾರದು. ಕಂಡರೆ ನೊಣ ಬಂತು, ನೊಣ ಬಂದರೆ ಎದುರು ಮನೆಯವರ ಫೋನು ಬಂತು.

• ತರಗೆಲೆಯನ್ನು ಚಿನ್ನದಂತೆ ಕೂಡಿಡಿ. ಬೆಂಗಳೂರಿನಲ್ಲಿ ಎಲೆ ಉದುರುವುದು ಹೆಚ್ಚಾಗಿ ಜನವರಿಯಿಂದ ಮಾರ್ಚಿನವರೆಗೆ. ಬೇಕಾಗುವುದು ಜೂನಿನಿಂದ ಅಕ್ಟೋಬರಿನವರೆಗೆ. ಆಗ ಒಂದು ಹಿಡಿ ಒಣ ಎಲೆಗೂ ಪರದಾಟ. ಎಷ್ಟೋ ಕಡೆ ಗೊಬ್ಬರದ ಕೆಲಸ ನಿಂತುಹೋಗುವುದು ಆಗಸ್ಟಿನಲ್ಲಿ, ಇದೇ ಕಾರಣಕ್ಕೆ. ಬೇಸಿಗೆಯಲ್ಲೇ ಗೋಣಿಚೀಲಗಳಿಗೆ ತುಳಿದು ತುಂಬಿ, ಮಳೆ ತಾಗದ ಕಡೆ ಪೇರಿಸಿಡಿ. ಮಳೆಮರದ ಎಲೆ ಸಣ್ಣದು, ಬೇಗ ಕರಗುತ್ತದೆ. ಹೊಂಗೆಯೂ ಒಳ್ಳೆಯದು. ಮಾವು, ಹಲಸಿನ ಎಲೆ ಚರ್ಮದಂತೆ ಗಟ್ಟಿ, ಮುರಿದು ಹಾಕಬೇಕು. ನೀಲಗಿರಿ ಎಲೆಯನ್ನು ದೂರವಿಡಿ. ಬೆಳಿಗ್ಗೆ ಗುಡಿಸಿ ಬೆಂಕಿ ಹಚ್ಚುವ ಅಭ್ಯಾಸ ನಮ್ಮ ಬೀದಿಯಲ್ಲೂ ಇದೆ. ಹೊಗೆ ಕುಡಿದು ಕೆಮ್ಮುವುದು ನಾವೇ, ಆಮೇಲೆ ಗೊಬ್ಬರಕ್ಕೆ ದುಡ್ಡು ಕೊಟ್ಟು ನಾರಿನ ಪುಡಿ ತರುವುದೂ ನಾವೇ. ಶಿರಸಿ, ಸಿದ್ದಾಪುರದ ಕಡೆ ಅಡಿಕೆ ತೋಟಕ್ಕೆಂದೇ ಸೊಪ್ಪಿನ ಬೆಟ್ಟಗಳಿವೆ. ಒಣ ಎಲೆ ಗುಡಿಸಿ ತಂದು ಕೊಟ್ಟಿಗೆಗೆ ಹಾಸಿ, ಸಗಣಿ ಗಂಜಲ ಬೆರೆತ ಮೇಲೆ ತೋಟಕ್ಕೆ ಹೊರುತ್ತಾರೆ. ಆ ಊರಿನವರು ಯಾರಾದರೂ ನಮ್ಮ ಬೀದಿಯಲ್ಲಿದ್ದರೆ ಅವರನ್ನೇ ಗೊಬ್ಬರದ ಉಸ್ತುವಾರಿಗೆ ಹಿಡಿಯಿರಿ.

• ನೀರು ಎಷ್ಟಿರಬೇಕು ಅಂತ ಯಂತ್ರ ಬೇಡ. ಒಂದು ಹಿಡಿ ತೆಗೆದು ಬಲವಾಗಿ ಹಿಂಡಿ. ನೀರು ತೊಟ್ಟಿಕ್ಕಿದರೆ ಹೆಚ್ಚಾಯಿತು, ಒಣ ಎಲೆ ಸೇರಿಸಿ ತಿರುವಿ. ಕೈ ಬಿಚ್ಚಿದ ಕೂಡಲೇ ಉದುರಿಹೋದರೆ ಕಮ್ಮಿಯಾಯಿತು, ನೀರು ಚಿಮುಕಿಸಿ. ಉಂಡೆ ನಿಂತು, ಬೆರಳು ಒದ್ದೆಯಾಗಿ, ಹನಿ ಬೀಳದಿದ್ದರೆ ಸರಿ.

• ಕಾವು ನೋಡಲು ಒಂದು ಕಬ್ಬಿಣದ ಸರಳು ಸಾಕು. ಗುಡ್ಡೆಯ ನಡುವೆ ಚುಚ್ಚಿಟ್ಟು ಸ್ವಲ್ಪ ಹೊತ್ತಿನ ಮೇಲೆ ಎಳೆದು ಮುಟ್ಟಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಒಳಗೆ ಕೆಲಸ ನಡೆಯುತ್ತಿದೆ ಅಂತ. 55 ಡಿಗ್ರಿ ದಾಟಿ ಕೆಲವು ದಿನ ನಿಂತರೆ ಕಳೆಬೀಜ, ರೋಗಾಣು ಸಾಯುತ್ತವೆ. ಅಷ್ಟು ಕಾವು ಬರಲು ಗುಡ್ಡೆ ಕಮ್ಮಿಯೆಂದರೂ ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರ ಬೇಕು. ಬಾಲ್ಕನಿಯ ಮಡಕೆಗಳಲ್ಲಿ ಅಷ್ಟು ಕಾಯುವುದಿಲ್ಲ, ಅದಕ್ಕೇ ಆ ಗೊಬ್ಬರ ಹಾಕಿದ ಕುಂಡದಲ್ಲೆಲ್ಲ ಟೊಮೆಟೊ ಸಸಿ ಏಳುವುದು. ಎದ್ದರೆ ಎದ್ದುಕೊಳ್ಳಲಿ ಬಿಡಿ.

• ಮೂಗನ್ನು ನಂಬಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲದು, ತಿರುವಿ ಹಾಕಿ. ಮೂಗಿಗೆ ಖಾರವಾಗಿ ಅಮೋನಿಯಾ ಹೊಡೆದರೆ ಹಸಿ ಜಾಸ್ತಿ, ಒಣ ಎಲೆ ಹಾಕಿ. ಇರುವೆ ಬಂದರೆ ತೇವ ಸಾಲದು. ಇಲಿ ಬಂದರೆ ಬೇಯಿಸಿದ್ದು, ಮಾಂಸ ಮೇಲೆಯೇ ಬಿದ್ದಿದೆ ಅಂತ ಅರ್ಥ; ತಳಕ್ಕೆ ಸಣ್ಣ ಕಣ್ಣಿನ ತಂತಿಬಲೆ ಹಾಕಿಸಿ, ಬೇಯಿಸಿದ್ದನ್ನು ನಡುವೆ ಹುದುಗಿಸಿ.

• ಬೂದುಬಣ್ಣದ ದಪ್ಪ ಹುಳು ಕಂಡರೆ ಕಿರುಚಬೇಡಿ. ಕಪ್ಪು ಸೈನಿಕ ನೊಣದ ಮರಿ ಅದು. ಕಚ್ಚುವುದಿಲ್ಲ, ದೊಡ್ಡದಾದ ಮೇಲೆ ಮನೆಯ ಊಟದ ಮೇಲೆ ಕೂರುವ ನೊಣವೂ ಅಲ್ಲ. ನಾವು ತಿರುವಿ ಮಾಡುವ ಕೆಲಸವನ್ನು ಅದು ತಿಂದು ಮಾಡುತ್ತದೆ. ಔಷಧಿ ಹೊಡೆಯಲು ಹೋದರೆ ಗೊಬ್ಬರವೇ ಸತ್ತಿತು.

• ಹೆಪ್ಪಿಗೆ ಬಾಟಲಿಗಟ್ಟಲೆ ದ್ರಾವಣ ಕೊಳ್ಳಬೇಡಿ. ಹುಳಿ ಮಜ್ಜಿಗೆ, ಸಗಣಿ ನೀರು, ಇಲ್ಲವೇ ಹಳೇ ಗೊಬ್ಬರದ ನಾಲ್ಕು ಹಿಡಿ ಸಾಕು.

• "24 ಗಂಟೆಯಲ್ಲಿ ಗೊಬ್ಬರ" ಅನ್ನುವ ಯಂತ್ರದ ವಿಷಯ. ಬಹಳಷ್ಟು ಇಂಥವು ಕಸವನ್ನು ಕಾಯಿಸಿ, ಒಣಗಿಸಿ, ಪುಡಿ ಮಾಡುತ್ತವೆ. ನೋಡಲು ಕಾಫಿಪುಡಿ, ಗಿಡಕ್ಕೆ ಹಾಕಿ ನೀರು ಬಿಟ್ಟರೆ ಮತ್ತೆ ಕೊಳೆಯಲು ಶುರು, ಬೇರು ಸುಡುತ್ತದೆ. ಅದನ್ನು ವಾರಗಟ್ಟಲೆ ಮಾಗಿಸಲೇಬೇಕು. ಕೊಳ್ಳಲೇಬೇಕು ಅಂತಿದ್ದರೆ ಮಾರುವವರಿಗೆ ಮೂರು ಪ್ರಶ್ನೆ ಕೇಳಿ: ತಿಂಗಳಿಗೆ ಕರೆಂಟು ಎಷ್ಟು ಯೂನಿಟ್ಟು, ಕೆಟ್ಟರೆ ಎಷ್ಟು ದಿನದಲ್ಲಿ ಬರುತ್ತೀರಿ, ಎರಡು ವರ್ಷದಿಂದ ಓಡಿಸುತ್ತಿರುವ ಜಾಗ ತೋರಿಸುತ್ತೀರಾ. ನನ್ನನ್ನು ಕೇಳಿದರೆ, ಅದೇ ದುಡ್ಡಿಗೆ ಇಟ್ಟಿಗೆಯ ತೊಟ್ಟಿ, ಮೇಲೆ ಶೀಟು, ತಿರುವುವವರಿಗೆ ವರ್ಷದ ಸಂಬಳ, ಮೂರೂ ಆಗುತ್ತವೆ.

• ಕಾಂಪೋಸ್ಟ್ ಅಂದರೆ ಹೊರದೇಶದ ಫ್ಯಾಷನ್ನು ಅನ್ನುವ ಹಿರಿಯರು ಸಭೆಯಲ್ಲಿ ಇದ್ದರೆ ಇದನ್ನು ಹೇಳಿ. ಕೃಷಿ ಕಾಲೇಜಿನ ಪುಸ್ತಕಗಳಲ್ಲಿ "ಬೆಂಗಳೂರು ವಿಧಾನ" ಅಂತಲೇ ಒಂದು ಗೊಬ್ಬರದ ಪದ್ಧತಿ ಇದೆ. 1939ರ ಹೊತ್ತಿಗೆ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಎಂಬುವರು ರೂಪಿಸಿದ್ದು. ಪಟ್ಟಣದ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರ ಪದರವಾಗಿ ಹಾಕಿ, ಮೇಲೆ ಮಣ್ಣು ಮೆತ್ತಿ, ತಿರುವದೆ ತಿಂಗಳುಗಟ್ಟಲೆ ಮಾಗಿಸುವುದು. ಪಾರ್ಕಿನ ಪಕ್ಕ ಅದನ್ನು ಮಾಡಲಾಗದು, ಸರಿ. 1975ರಲ್ಲೇ ಕಾಂಪೋಸ್ಟಿಗೆಂದು ರಾಜ್ಯ ಸರ್ಕಾರ ಒಂದು ನಿಗಮವನ್ನೂ ಮಾಡಿತು. ಆದರೂ ಈ ಊರಿನ ಹಸಿ ಕಸ ಲಾರಿ ಹತ್ತಿ ಕ್ವಾರಿಗೆ ಹೋಗುತ್ತದೆ ಅನ್ನುವುದು ನನಗೆ ಬೇಸರದ ಸಂಗತಿ.

• ಇನ್ನೂ ನಂಬಿಕೆ ಬಾರದವರನ್ನು ಕರೆದುಕೊಂಡು ಹೋಗಿ ತೋರಿಸಿ. ಎಚ್‌ಎಸ್‌ಆರ್ ಬಡಾವಣೆಯ ಸ್ವಚ್ಛಾಗ್ರಹ ಕಲಿಕಾ ಕೇಂದ್ರದಲ್ಲಿ ಹತ್ತಾರು ಬಗೆಯ ಗೊಬ್ಬರದ ತೊಟ್ಟಿ, ಮಡಕೆಗಳನ್ನು ಒಂದೇ ಕಡೆ ನೋಡಬಹುದು. ಮೈಸೂರಿಗೆ ಹೋದರೆ ಕುಂಬಾರಕೊಪ್ಪಲಿನ ಕಸದ ಘಟಕ ನೋಡಿ ಬನ್ನಿ. ಸಭೆಯಲ್ಲಿ ಸ್ಲೈಡು ತೋರಿಸುವುದಕ್ಕಿಂತ ಅದು ಮೇಲು.

• ಗೊಬ್ಬರ ತಿರುವಲು ಸ್ವಯಂಸೇವಕರ ಪಾಳಿ ಹಾಕುತ್ತೀರಿ ಅಂತ ಕೇಳಿದೆ. ಹಾಕಿ, ಆದರೆ ಅದರ ಮೇಲೆ ಭಾರ ಬಿಡಬೇಡಿ. ಪರೀಕ್ಷೆ, ಮದುವೆ, ಮಳೆ ಬಂದರೆ ಪಾಳಿ ತಪ್ಪುತ್ತದೆ. ಒಬ್ಬರನ್ನು ಸಂಬಳಕ್ಕೆ ನೇಮಿಸಿ. ಸರಿಯಾದ ಸಂಬಳ, ವಾರಕ್ಕೊಂದು ರಜೆ, ಗವಸು, ಬೂಟು, ಧನುರ್ವಾಯು ಚುಚ್ಚುಮದ್ದು, ಕೈಕಾಲು ತೊಳೆಯಲು ಸೋಪು ನೀರು, ಕೂರಲು ನೆರಳು. ಇದು ದಾನವಲ್ಲ. ಚಿಂದಿ ಆಯುವವರನ್ನು ಸಂಘಟಿಸಿರುವ ಹಸಿರು ದಳದಂಥವರನ್ನು ಕೇಳಿದರೆ ಕೆಲಸ ಬಲ್ಲವರು ಸಿಗಬಹುದು. ಕಸ ನೋಡಿಯೇ ಯಾವ ಮನೆಯದು ಅಂತ ಹೇಳಬಲ್ಲವರು ಅವರು, ನಮಗಿಂತ ಚೆನ್ನಾಗಿ ಬಲ್ಲರು.

• ಬೇರೆ ಮಾಡದೆ ಕೊಟ್ಟವರ ಡಬ್ಬದ ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಒಂದು ಸಲ ಮುಖ ಮುರಿದರೆ ಆ ಮನೆ ಇನ್ನು ಬಾರದು. ಕೈಯಲ್ಲಿ ಒಂದು ಕಟ್ಟು ಕರಿಬೇವು ಹಿಡಿದು ಮನೆಗೇ ಹೋಗಿ. ಮತ್ತೊಂದು: ಡಬ್ಬ ತುಂಬುವುದು ಬಹಳ ಮನೆಗಳಲ್ಲಿ ಯಜಮಾನರಲ್ಲ, ಕೆಲಸದವರು. ಯಜಮಾನರಿಗೆ ಹತ್ತು ಸಲ ಹೇಳುವುದಕ್ಕಿಂತ ಅವರ ಜೊತೆ ಅವರ ಭಾಷೆಯಲ್ಲಿ, ತಮಿಳೋ ತೆಲುಗೋ ಬಂಗಾಳಿಯೋ, ಒಂದು ಸಲ ಕೂತು ಮಾತಾಡಿ. ಪಿ.ಜಿ.ಗಳಲ್ಲಿ ಅಡುಗೆ ಭಟ್ಟರನ್ನು ಹಿಡಿಯಿರಿ. ಬಾಡಿಗೆ ಹುಡುಗರು ಆರು ತಿಂಗಳಿಗೆ ಬದಲಾಗುತ್ತಾರೆ.

• ಎಳನೀರು ಬುರುಡೆ ಗುಡ್ಡೆಗೆ ಬೇಡ, ವರ್ಷವಾದರೂ ಕರಗದು. ಮೂಲೆಯಲ್ಲಿ ಬಿದ್ದರೆ ಮಳೆನೀರು ನಿಂತು ಸೊಳ್ಳೆ. ಮಾರುವವರೇ ಇಬ್ಭಾಗ ಸೀಳಿ ಗಾಡಿಯಲ್ಲಿ ವಾಪಸ್ಸು ಒಯ್ಯಲಿ.

• ಕ್ಯಾರಿ ಬ್ಯಾಗನ್ನು ನಮ್ಮ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಸೊಪ್ಪಿನ ಗಾಡಿಯವರು ಇನ್ನೂ ಕೊಡುತ್ತಿದ್ದಾರೆ, ಯಾಕೆಂದರೆ ನಾವು ಕೈ ಬೀಸಿಕೊಂಡು ಹೋಗುತ್ತೇವೆ. ಅವರನ್ನು ಗದರಬೇಡಿ. ಪ್ರತಿ ಮನೆಯ ಬಾಗಿಲ ಹಿಂದೆ ಒಂದು ಬಟ್ಟೆ ಚೀಲ ನೇತುಹಾಕಿಸಿ.

• ಹಬ್ಬ ಬಂದರೆ ಲೆಕ್ಕವೆಲ್ಲ ತಲೆಕೆಳಗು. ಆಯುಧಪೂಜೆಯ ಮರುದಿನ ಪ್ರತಿ ಗೇಟಿನ ಮುಂದೆ ಒಡೆದ ಬೂದುಗುಂಬಳ, ಎರಡು ಬಾಳೆಕಂದು, ಸೇವಂತಿಗೆ ಹಾರ. ಬಾಳೆಕಂದು ಮುಕ್ಕಾಲುಪಾಲಿಗಿಂತ ಹೆಚ್ಚು ನೀರು. ಕೊಚ್ಚಿ, ಎರಡು ದಿನ ಬಿಸಿಲಿಗೆ ಹರಡಿ ಆಮೇಲೆ ಗುಡ್ಡೆಗೆ ಹಾಕಿ. ಕುಂಬಳದ ಒಳಗಿನ ಚಿಲ್ಲರೆ ತೆಗೆದುಕೊಳ್ಳಿ. ಕುಂಕುಮದ ಬಣ್ಣ ಒಳ್ಳೆಯದಲ್ಲ, ಆ ಭಾಗ ಕೆತ್ತಿ ಹಾಕಿ. ಹೂವಿನ ಹಾರದ ನೂಲು ಬಿಡಿಸಬೇಕು, ಈಗ ಅದೆಲ್ಲ ಪ್ಲಾಸ್ಟಿಕ್ ದಾರ. ದೇವಸ್ಥಾನದ ನಿರ್ಮಾಲ್ಯಕ್ಕೆ ಬೇರೆ ತೊಟ್ಟಿ ಮಾಡಿ, ಆ ಗೊಬ್ಬರ ಅಲ್ಲಿಯ ತುಳಸಿ, ಬಿಲ್ವದ ಬುಡಕ್ಕೇ ಹೋಗಲಿ. ಅರ್ಚಕರು ಒಪ್ಪುತ್ತಾರೆ, ಸಿಪ್ಪೆಯ ಜೊತೆ ಸೇರಿಸುತ್ತೀರಿ ಅಂದರೆ ಒಪ್ಪುವುದಿಲ್ಲ.

• ಬೀದಿಯ ರಾಜ್ಯೋತ್ಸವಕ್ಕೆ, ಗಣೇಶನ ಊಟಕ್ಕೆ ಥರ್ಮೊಕೋಲ್ ತಟ್ಟೆ ತರಬೇಡಿ. ಬಾಳೆ ಎಲೆ, ಅಡಿಕೆ ಹಾಳೆ ತಟ್ಟೆ ಇದ್ದೇ ಇವೆ. ಸ್ಟೀಲ್ ತಟ್ಟೆ ಲೋಟ ಇನ್ನೂ ಒಳ್ಳೆಯದು. ಅದಮ್ಯ ಚೇತನ ಸಂಸ್ಥೆಯವರು ತಟ್ಟೆ ಬ್ಯಾಂಕ್ ನಡೆಸುತ್ತಾರೆ. ನಾವೂ ಮನೆಗೆ ನಾಲ್ಕರಂತೆ ಹಾಕಿ ನಮ್ಮದೇ ಒಂದು ಮಾಡಬಹುದು. ಇನ್ನು ಬಡಿಸುವುದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು 75 ಕಲ್ಯಾಣ ಮಂಟಪಗಳಲ್ಲಿ ಅಧ್ಯಯನ ಮಾಡಿ, ಈ ಊರಿನ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಊಟ ಹಾಳಾಗುತ್ತದೆ ಅಂತ 2012ರಲ್ಲಿ ಲೆಕ್ಕ ಕೊಟ್ಟಿದ್ದರು. ಉಪಚಾರದ ಹೆಸರಲ್ಲಿ ಬೇಡ ಬೇಡ ಅನ್ನುತ್ತಿದ್ದರೂ ಎಲೆಗೆ ಸುರಿಯುವುದು ನಮ್ಮ ಕಡೆಯ ರೋಗ. ಮೊದಲ ಸುತ್ತು ಅರ್ಧ ಸೌಟು, ಎರಡನೆಯ ಸುತ್ತು ಕೇಳಿ ಬಡಿಸಿ. ಮಕ್ಕಳ ಎಲೆಗೆ ಇಡೀ ಹೋಳಿಗೆ ಹಾಕಬೇಡಿ.

• ಗೊಬ್ಬರ ಆಯಿತೋ ಇಲ್ಲವೋ ಅಂತ ಅವಸರ ಬೇಡ. ಕಪ್ಪಗಾಗಿ, ಯಾವ ಸಿಪ್ಪೆ ಅಂತ ಗುರುತು ಸಿಗದೆ, ಮಳೆಗೆ ನೆನೆದ ಮಣ್ಣಿನ ವಾಸನೆ ಬಂದ ಮೇಲೂ ಮೂರು ನಾಲ್ಕು ವಾರ ಹಾಗೇ ಬಿಡಿ. ಆಮೇಲೆ ಜರಡಿ ಹಿಡಿದು, ಉಳಿದ ಗೊರಟೆ, ಕಡ್ಡಿಯನ್ನು ಹೊಸ ಗುಡ್ಡೆಗೆ ಹಾಕಿ. ಮೊದಲ ಕೊಯ್ಲನ್ನು ಮಾರಬೇಡಿ. ಪ್ರತಿ ಮನೆಗೂ ಒಂದು ಚೀಲ, ಕಸ ಬೇರೆ ಮಾಡದವರ ಮನೆಗೂ ಕೊಡಿ. ಕುಂಡಕ್ಕೆ ಎರಡು ಪಾಲು ಮಣ್ಣಿಗೆ ಒಂದು ಪಾಲು ಗೊಬ್ಬರ, ಅದಕ್ಕಿಂತ ಹೆಚ್ಚು ಬೇಡ. ಕರಿಬೇವು, ದೊಡ್ಡಪತ್ರೆ, ಒಂದೆಲಗದಿಂದ ಶುರುಮಾಡಿಸಿ, ಆರೈಕೆ ಕಮ್ಮಿ. ಮಿಕ್ಕದ್ದು ಬೀದಿ ಮರಗಳ ಬುಡಕ್ಕೆ. ರೈತರಿಗೆ ಕೊಡುವುದಾದರೆ ಒಂದೇ ಒಂದು ಗಾಜಿನ ಚೂರೂ ಇರಬಾರದು. ಬರಿಗಾಲಲ್ಲಿ ಗದ್ದೆಗಿಳಿಯುವವರು ಅವರು.

• ತಿಂಗಳಿಗೊಂದು ದಿನ ಕಸ ತೂಗಿ ಪುಸ್ತಕದಲ್ಲಿ ಬರೆದಿಡಿ. ಗೊಬ್ಬರ ಎಷ್ಟಾಯಿತು ಅನ್ನುವುದು ಮುಖ್ಯವಲ್ಲ, ಕಸ ಎಷ್ಟು ಇಳಿಯಿತು ಅನ್ನುವುದು ಮುಖ್ಯ. ಗೊಬ್ಬರ ಹೆಚ್ಚುತ್ತಲೇ ಹೋದರೆ ಯಾರದೋ ಅಡುಗೆಮನೆಯಲ್ಲಿ ಅನ್ನ ಮಿಗುತ್ತಿದೆ.

• ಕೊನೆಗೆ ಜಾಗದ ಮಾತು. ತರಗೆಲೆ ಚೀಲ ಇಡಲು ಪಾರ್ಕಿನಲ್ಲಿ ನೆರಳಿಲ್ಲ. ನಮ್ಮ ಮನೆಯ ಕಾರ್ ಶೆಡ್ಡು ಖಾಲಿ ಬಿದ್ದಿದೆ, ಮಳೆ ಒಳಗೆ ಬರುವುದಿಲ್ಲ, ಬಳಸಿಕೊಳ್ಳಿ. ಎಲೆ ಉದುರುವ ಮೊದಲು ಬಂದು ಒಂದು ಸಲ ಗುಡಿಸಿಕೊಳ್ಳಬೇಕು. ಬರುವಾಗ ಮಂಕರಿ, ಕುಂಟೆ ನೀವೇ ತನ್ನಿ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬೆಲ್ ಒತ್ತಬೇಡಿ.